ಬಂಡೆಯೊಂದೇ ಇಲ್ಲಿಯ ಮೂಲನಿವಾಸಿ

ಲಾಲ್‌ಬಾಗಿಗೆ ಬರುವವರಲ್ಲಿ ಹೆಚ್ಚಿನವರು ಗಾಜಿನಮನೆಯ ಕಡೆಗೆ ಹೆಜ್ಜೆ ಹಾಕುತ್ತಾರೆ. ನಾನು ಮೊದಲು ಬಂಡೆ ಹತ್ತುತ್ತೇನೆ. ಹದಿನೈದು ವರ್ಷಗಳಿಂದ, ವಾರಕ್ಕೆ ಎರಡು ಮೂರು ಸಲವಾದರೂ, ಬೆಳಗಿನ ಹೊತ್ತು ಇದೇ ನನ್ನ ಕ್ರಮ. ಬಂಡೆಯ ಇಳಿಜಾರಿನಲ್ಲಿ ನಿಧಾನವಾಗಿ ನಡೆದು, ಮೇಲಿರುವ ಕೆಂಪೇಗೌಡ ಗೋಪುರದ ಹತ್ತಿರ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಮರಗಳ ಕಡೆಗೆ ಇಳಿಯುತ್ತೇನೆ. ಈ ಕ್ರಮ ಅಭ್ಯಾಸವಾಗಿ ಶುರುವಾದದ್ದು. ಅದಕ್ಕೊಂದು ಅರ್ಥವಿದೆ ಎಂದು ತಿಳಿಯುವುದಕ್ಕೆ ಮಾತ್ರ ನನಗೆ ಬಹಳ ವರ್ಷಗಳು ಬೇಕಾದವು.

ಮಳೆ ಬಂದು ನಿಂತ ಮರುದಿನ ಈ ಬಂಡೆಯನ್ನು ನೋಡಬೇಕು. ತಗ್ಗುಗಳಲ್ಲೆಲ್ಲ ಅಂಗೈಯಗಲದ, ತಟ್ಟೆಯಗಲದ ನೀರು ನಿಂತಿರುತ್ತದೆ. ಒದ್ದೆಯಾದ ಕಲ್ಲಿನ ಬಣ್ಣ ಗಾಢವಾಗಿ, ಒಣಗಿದಾಗ ಕಾಣದಿದ್ದ ಪಟ್ಟೆಗಳು ಮೇಲೆದ್ದು ಬರುತ್ತವೆ: ಒಂದು ಬಿಳಿ, ಅದರ ಪಕ್ಕದಲ್ಲಿ ಒಂದು ಕಪ್ಪು, ಮತ್ತೆ ಬೂದು, ಮತ್ತೆ ಬಿಳಿ. ಕೆಲವು ಕಡೆ ಅವು ನೆಟ್ಟಗೆ ಓಡುತ್ತವೆ, ಕೆಲವು ಕಡೆ ಹಿಂಡಿಟ್ಟ ಬಟ್ಟೆಯಂತೆ ತಿರುಚಿಕೊಂಡಿರುತ್ತವೆ. ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿನಿಂದ ಸವರಿದರೆ ಬಿಳಿ ಪಟ್ಟೆಯಲ್ಲಿರುವ ಹರಳುಗಳು ಸಕ್ಕರೆಯ ಹಾಗೆ ತರಿತರಿಯಾಗಿ ತಾಗುತ್ತವೆ. ನೆಲದ ಬಹಳ ಆಳದಲ್ಲಿ, ಊಹೆಗೆ ನಿಲುಕದ ಶಾಖ ಮತ್ತು ಒತ್ತಡದಲ್ಲಿ ಕಲ್ಲು ಬೆಂದು ಮೆತ್ತಗಾದಾಗ ಅದರೊಳಗಿನ ಖನಿಜಗಳು ಬೇರೆ ಬೇರೆಯಾಗಿ ಸಾಲುಗಟ್ಟಿದ್ದರಿಂದ ಈ ಪಟ್ಟೆಗಳು ಮೂಡಿದವು. ಮೇಲಿದ್ದ ಪದರಗಳೆಲ್ಲ ಯುಗಯುಗಗಳ ಗಾಳಿಮಳೆಗೆ ಸವೆದು ಹೋದ ಮೇಲೆ, ಒಂದು ಕಾಲಕ್ಕೆ ಕಿಲೋಮೀಟರುಗಟ್ಟಲೆ ಕೆಳಗಿದ್ದದ್ದು ಇವತ್ತು ನಮ್ಮ ಪಾದದ ಅಡಿಗೆ ಬಂದಿದೆ.

ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ನೆಲಕ್ಕೆ ಅಡಿಪಾಯವಾಗಿರುವ ಈ ಬಗೆಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಬಳಕೆಗೆ ತಂದರು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಅದನ್ನು ತಿಳಿಸುವ ಫಲಕ ಬಂಡೆಯ ಬಳಿಯೇ ಇದೆ. ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರಲ್ಲಿ ಕೆಲವರಾದರೂ ಒಮ್ಮೆ ಬಗ್ಗಿ ಕಲ್ಲನ್ನು ಮುಟ್ಟಿ ನೋಡಲಿ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ.

240 ಎಕರೆಯ ಈ ತೋಟದಲ್ಲಿ ನಾವು ಕಣ್ಣಾರೆ ನೋಡಿ ಮೆಚ್ಚಿಕೊಳ್ಳುವ ವಸ್ತುಗಳಲ್ಲಿ ಬಂಡೆಯೊಂದೇ ತಾನಾಗಿ ಇಲ್ಲಿದ್ದದ್ದು; ಉಳಿದದ್ದರಲ್ಲಿ ಬಹುಪಾಲನ್ನು ಯಾರೋ ಎಲ್ಲಿಂದಲೋ ತಂದು, ನೆಟ್ಟು, ನೀರೆರೆದು ಉಳಿಸಿದರು. ಹಾಗಿದ್ದೂ ಬಂಡೆ ಈ ತೋಟದ ಎಲ್ಲೆಯೊಳಗೆ ಬಂದದ್ದು ಬಹಳ ತಡವಾಗಿ, 19ನೇ ಶತಮಾನದ ಕೊನೆಯ ದಶಕದಲ್ಲಿ. ಹೊರಗಿನಿಂದ ಬಂದವರೆಲ್ಲ ಒಳಗೆ ನೆಲೆಯೂರಿ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಮೂಲನಿವಾಸಿಗೆ ಬೇಲಿಯೊಳಗೆ ಜಾಗ ಸಿಕ್ಕಿತು. ಲಾಲ್‌ಬಾಗಿನ ಚರಿತ್ರೆಯನ್ನು ಹೀಗೆ ಬಂದವರ ಚರಿತ್ರೆಯಾಗಿ ಓದಿಕೊಂಡ ಮೇಲೆ ನನಗೆ ಈ ತೋಟದ ಮೇಲಿನ ಅಕ್ಕರೆ ಹೆಚ್ಚಾಯಿತು.

ಮೊದಲು ಬಂದದ್ದು ತೋಟದ ಕಲ್ಪನೆಯೇ. ಸಿರಾದಲ್ಲಿ ಮೊಘಲರ ಕಾಲದ ಸುಬೇದಾರರು ಮಾಡಿಸಿದ್ದ ಉದ್ಯಾನವನ್ನು ಕಂಡು ಮೆಚ್ಚಿದ ಹೈದರ್ ಅಲಿ, ಬೆಂಗಳೂರು ಕೋಟೆಯ ಹೊರಗೆ 1760ರಲ್ಲಿ ಸುಮಾರು 40 ಎಕರೆಯಲ್ಲಿ ಈ ತೋಟವನ್ನು ಆರಂಭಿಸಿದನು. ದೆಹಲಿ, ಲಾಹೋರ್, ಮುಲ್ತಾನ್‌ಗಳಿಂದ ಗಿಡಗಳು ಬಂದವು. ಅವನ ಮಗ ಟಿಪ್ಪು ಸುಲ್ತಾನನಿಗೆ ಗಿಡಗಳ ವಿಷಯದಲ್ಲಿ ತಂದೆಗಿಂತ ಹೆಚ್ಚಿನ ಆಸಕ್ತಿ ಇದ್ದಂತೆ ತೋರುತ್ತದೆ. ಸಮುದ್ರದಾಚೆಯ ನಾಡುಗಳಿಗೆ ಹೋಗುತ್ತಿದ್ದ ತನ್ನ ರಾಯಭಾರಿಗಳ ಮೂಲಕ ಅವನು ಬೀಜಗಳನ್ನೂ ಸಸಿಗಳನ್ನೂ ತರಿಸುತ್ತಿದ್ದನು. ಯುದ್ಧದ ಮೇಲೆ ಯುದ್ಧ ಎದುರಾಗುತ್ತಿದ್ದ ಕಾಲದಲ್ಲಿ, ಹಣ್ಣು ಬಿಡುವುದಕ್ಕೆ ಹತ್ತು ಹದಿನೈದು ವರ್ಷ ಬೇಕಾಗುವ ಗಿಡಗಳನ್ನು ನೆಡಿಸುವುದಕ್ಕೆ ಎಂಥ ನೆಚ್ಚಿಕೆ ಬೇಕು ಎಂದು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ತೀರಿಕೊಂಡನು. ಮರುವರ್ಷ, 1800ರಲ್ಲಿ, ಗೆದ್ದ ನಾಡಿನ ವಿವರಗಳನ್ನು ಕಲೆಹಾಕಲು ಕಂಪನಿ ಸರ್ಕಾರ ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದರು. ಅವರು ಬರೆದಿಟ್ಟ ಚಿತ್ರ ನನಗೆ ಬಹಳ ಇಷ್ಟ. ತೋಟವನ್ನು ಚೌಕ ಚೌಕವಾದ ಮಡಿಗಳಾಗಿ ವಿಂಗಡಿಸಲಾಗಿತ್ತು. ನಡುವಿನ ದಾರಿಗಳ ಎರಡೂ ಬದಿಗೆ ಸೈಪ್ರೆಸ್ ಮರಗಳು ನಿಂತಿದ್ದವು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಮಡಿ. ಇಂಗ್ಲಿಷರು ಇದನ್ನು ಸೈಪ್ರೆಸ್ ತೋಟವೆಂದೇ ಕರೆಯುತ್ತಿದ್ದರು. ಗೆದ್ದವರು ಸೋತವನ ಅರಮನೆಗಳನ್ನು ಕೆಡವಿದ ಉದಾಹರಣೆಗಳು ಬೇಕಾದಷ್ಟಿವೆ. ಈ ತೋಟವನ್ನು ಮಾತ್ರ ಯಾರೂ ಕಡಿದು ಹಾಕಲಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಅದು ದಾಟುತ್ತ ಹೋಯಿತು, ಮತ್ತು ಕೈಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದಕ್ಕೆ ಏನಾದರೂ ಸೇರಿಸಿ ಮುಂದಿನವರಿಗೆ ಕೊಟ್ಟರು.

ಅಲ್ಲಿಂದ ಮುಂದಿನ ಅರ್ಧ ಶತಮಾನ ಅಷ್ಟೇನೂ ಏಳಿಗೆಯ ಕಾಲವಲ್ಲ. ಮೇಜರ್ ವಾ ಎಂಬ ಸೇನಾಧಿಕಾರಿಯ ವಶದಲ್ಲಿ ಕೆಲವು ವರ್ಷ, ಆಮೇಲೆ ಮೈಸೂರು ಅರಸರ ಆಡಳಿತದಲ್ಲಿ, 1836ರಿಂದ ಕೆಲವು ವರ್ಷ ಒಂದು ಕೃಷಿ ಮತ್ತು ತೋಟಗಾರಿಕೆ ಸಂಘದ ಕೈಯಲ್ಲಿ ಅದು ಇತ್ತು. 1856ರಲ್ಲಿ ಇದನ್ನು ಸರ್ಕಾರಿ ಸಸ್ಯೋದ್ಯಾನವೆಂದು ಗೊತ್ತುಪಡಿಸಿದ ಮೇಲೆ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ವಿಲಿಯಂ ನ್ಯೂ, ಅವರ ನಂತರ 1874ರಲ್ಲಿ ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿ ಬಂದರು. ಆಗ ತೋಟದ ಕೆಲಸವೇ ಬದಲಾಯಿತು. ಬೇರೆ ಬೇರೆ ಖಂಡಗಳಿಂದ ಬಂದ ಗಿಡಗಳನ್ನು ಇಲ್ಲಿ ಬೆಳೆಸಿ, ಈ ಹವೆಗೆ ಯಾವುದು ಒಗ್ಗುತ್ತದೆ, ರೈತರಿಗೆ ಯಾವುದು ಉಪಯೋಗಕ್ಕೆ ಬರುತ್ತದೆ ಎಂದು ಪರೀಕ್ಷಿಸಿ ನೋಡುವ ಜಾಗವಾಗಿ ಲಾಲ್‌ಬಾಗು ಮಾರ್ಪಟ್ಟಿತು. ನೋಡುವುದಕ್ಕೆ ಚೆನ್ನಾಗಿರಬೇಕು ಎಂಬುದು ಒಂದು ಉದ್ದೇಶವಾಗಿತ್ತು, ಆದರೆ ಅದೊಂದೇ ಆಗಿರಲಿಲ್ಲ.

ಕ್ಯಾಮರಾನ್ ಅವರ ಕಾಲದ ಒಂದು ಕೊಡುಗೆ ನಮ್ಮ ಅಡುಗೆಮನೆಗಳಲ್ಲಿದೆ. ಸೀಮೆ ಬದನೆಕಾಯಿಯನ್ನು ಇಲ್ಲಿಗೆ ಪರಿಚಯಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆಯ ಈ ಬಳ್ಳಿಗೂ ಬದನೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಸೌತೆ, ಕುಂಬಳಗಳ ಕುಲಕ್ಕೆ ಸೇರಿದ್ದು. ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಎಂಬ ಪದವನ್ನು ಮುಂದಿಟ್ಟು ಮನೆಯೊಳಗೆ ಕರೆದುಕೊಳ್ಳುವುದು ಕನ್ನಡದ ಹಳೆಯ ರೂಢಿ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಸೀಮೆಹಸು. ಪರವೂರಿನದು ಎಂಬ ಗುರುತು ಆ ಪದದಲ್ಲಿಯೇ ಉಳಿದಿರುತ್ತದೆ, ಆದರೂ ಅದು ನಮ್ಮದಾಗಿರುತ್ತದೆ. ಇನ್ನೂ ಸೊಗಸಿನ ಸಂಗತಿಯೆಂದರೆ, ತಮಿಳರು ಇದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ, ತೆಲುಗರು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ನಮಗೆ ಪರದೇಶಿಯಾಗಿ ಬಂದದ್ದು ನೆರೆಯವರ ಬಾಯಲ್ಲಿ ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ನನ್ನ ಪಾಲಿಗೆ ಲಾಲ್‌ಬಾಗಿನ ಕಥೆಯೆಲ್ಲ ಆ ಒಂದು ಹೆಸರಿನಲ್ಲಿದೆ.

ಗಾಜಿನಮನೆಯೂ ಕ್ಯಾಮರಾನ್ ಅವರ ಕಾಲದ್ದೇ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಕಟ್ಟಡದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕವಾಗಿ ಬಂದವು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಲ್ಲಿ ಊರಿಗೆ ಊರೇ ಇಲ್ಲಿ ಸೇರುತ್ತದೆ. ಹೂವಿಗಾಗಿ ಜನ ಸಾಲುಗಟ್ಟಿ ನಿಲ್ಲುವುದು ಸಂತೋಷದ ಸಂಗತಿಯೇ. ಆದರೆ ಪ್ರದರ್ಶನ ಮುಗಿದು ಕುಂಡಗಳನ್ನೆಲ್ಲ ಸಾಗಿಸಿದ ಮೇಲೆ, ಬರಿದಾದ ಗಾಜಿನಮನೆಯೊಳಗೆ ಬೆಳಗಿನ ಬಿಸಿಲು ಓರೆಯಾಗಿ ಇಳಿದು ಕಬ್ಬಿಣದ ಕಮಾನುಗಳ ನೆರಳನ್ನು ನೆಲದ ಮೇಲೆ ಹರಡಿದಾಗ ಅದು ನನಗೆ ಹೆಚ್ಚು ಚಂದವಾಗಿ ಕಾಣುತ್ತದೆ.

ಬಂದವರಲ್ಲಿ ಮನುಷ್ಯರೂ ಇದ್ದರು. ಜರ್ಮನಿಯಲ್ಲಿ ಡ್ರೆಸ್ಡನ್ ಹತ್ತಿರದ ಊರಿನಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದ ಸೇವೆಯಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಬೆಂಗಳೂರಿನ ರಸ್ತೆಗಳಲ್ಲಿ ವರ್ಷವಿಡೀ ಒಂದಿಲ್ಲೊಂದು ಜಾತಿಯ ಮರ ಹೂಬಿಟ್ಟಿರಬೇಕು, ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬ ಎಣಿಕೆಯಿಂದ ಸಾಲುಮರಗಳನ್ನು ನೆಡಿಸಿದವರೆಂದು ಅವರನ್ನು ನೆನೆಯುತ್ತೇವೆ. ಜನವರಿಯ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯಾ, ಅದು ಮುಗಿಯುತ್ತಿದ್ದಂತೆ ಹಳದಿಯದು, ಮಾರ್ಚಿನಲ್ಲಿ ನೀಲಿ ಜಕರಂಡಾ, ಬೇಸಿಗೆ ಬಲಿತ ಮೇಲೆ ಕೆಂಪು ಗುಲ್‌ಮೊಹರ್. ಇವೆಲ್ಲ ಬೇರೆ ನೆಲದ ಮರಗಳು. ಬೆಂಗಳೂರಿನವರು ತಿಂಗಳನ್ನು ಗುರುತಿಸುವುದೇ ಇವುಗಳಿಂದ. 1932ರಲ್ಲಿ ನಿವೃತ್ತರಾದ ಕ್ರುಂಬಿಗಲ್ ತಮ್ಮ ಊರಿಗೆ ಹಿಂದಿರುಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ, ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲಿದೆ. ಅವರ ನಂತರ ಎಚ್. ಸಿ. ಜವರಾಯ ಅವರೂ, ಸ್ವಾತಂತ್ರ್ಯ ಬಂದ ಮೇಲೆ ಎಂ. ಎಚ್. ಮರಿಗೌಡ ಅವರೂ ಈ ತೋಟವನ್ನು ನೋಡಿಕೊಂಡರು. ಲಾಲ್‌ಬಾಗಿನಲ್ಲಿ ಕಲಿತದ್ದನ್ನು ಮರಿಗೌಡರು ರಾಜ್ಯದ ಜಿಲ್ಲೆ ಜಿಲ್ಲೆಗೂ ಒಯ್ದರು. ಕರ್ನಾಟಕದ ತೋಟಗಾರಿಕೆ ಇಲಾಖೆ ಇಂದಿನ ಆಕಾರಕ್ಕೆ ಬಂದದ್ದು ಅವರ ದುಡಿಮೆಯಿಂದ.

ಈ ಹೆಸರುಗಳ ಜೊತೆಗೆ, ಪುಸ್ತಕಗಳಲ್ಲಿ ಹೆಸರಿಲ್ಲದವರನ್ನೂ ನೆನೆಯಬೇಕು. ತಲೆತಲಾಂತರದಿಂದ ತೋಟದ ಕೆಲಸವನ್ನೇ ಕಸುಬಾಗಿಸಿಕೊಂಡ ತಿಗಳ ಸಮುದಾಯದವರ ಕೈ ಬೆಂಗಳೂರಿನ ಹೂದೋಟ, ತರಕಾರಿ ತೋಟಗಳ ಹಿಂದೆ ಯಾವಾಗಲೂ ಇದೆ. ಸುಲ್ತಾನ ತರಿಸಿದ ಸಸಿಯೇ ಇರಲಿ, ಕ್ಯೂ ಉದ್ಯಾನದಿಂದ ಬಂದ ಬೀಜವೇ ಇರಲಿ, ಅದಕ್ಕೆ ಪಾತಿ ಮಾಡಿ ಗೊಬ್ಬರ ಹಾಕಿದವರು, ಬಿಸಿಲು ಹೆಚ್ಚಾದಾಗ ತೆಂಗಿನ ಗರಿ ಮುಚ್ಚಿದವರು ಈ ನೆಲದವರೇ ಆಗಿದ್ದರು.

ನಾನು ಬಂಡೆಯಿಂದ ಇಳಿದು ಬರುವ ದಾರಿಯಲ್ಲಿ ಬಿಳಿ ಬೂರುಗದ ಬಳಿ ಒಂದು ಸಲ ನಿಲ್ಲದೆ ಮುಂದೆ ಹೋಗುವುದಿಲ್ಲ. ಮರದ ಬುಡದಿಂದ ಹೊರಟ ಬೇರುಗಳು ಹಲಗೆಗಳಂತೆ ಎದ್ದು ನಿಂತಿವೆ. ಎರಡು ಬೇರುಗಳ ನಡುವೆ ಒಬ್ಬ ಮನುಷ್ಯ ಮರೆಯಾಗಿ ನಿಲ್ಲಬಹುದು. ಅದರ ಮೂಲ ಅಮೆರಿಕ ಮತ್ತು ಆಫ್ರಿಕಾದ ಕಾಡುಗಳು. ತೊಗಟೆಯ ಮೇಲೆ ಹೆಸರು ಕೆತ್ತಿದವರ ಗುರುತುಗಳೂ ಅಲ್ಲಲ್ಲಿ ಕಾಣುತ್ತವೆ, ಮರ ದಪ್ಪವಾದಂತೆ ಆ ಅಕ್ಷರಗಳೂ ಅಗಲವಾಗಿವೆ. ನನಗೆ ಅದನ್ನು ನೋಡಿದಾಗ ನಿಜವಾಗಿಯೂ ನೋವಾಗುತ್ತದೆ. ತೊಗಟೆಯ ಒಳಪದರದಲ್ಲಿಯೇ ಮರದ ಆಹಾರ ಹರಿಯುವುದು. ಚಾಕುವಿನ ಗೆರೆ ಅದನ್ನು ಕತ್ತರಿಸುತ್ತದೆ.

ಆದರೆ ಈ ತೋಟದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಹಿಡಿದು ನಿಲ್ಲಿಸುವುದು ನಾಗಲಿಂಗದ ಮರ. ಕೊಂಬೆಯ ತುದಿಯಲ್ಲಿ ಹೂಬಿಡದೆ, ಕಾಂಡದಿಂದಲೇ ಹೊರಟು ಜೋತುಬಿದ್ದ ಹಗ್ಗದಂಥ ಟಿಸಿಲುಗಳಲ್ಲಿ ಅದು ಹೂಬಿಡುತ್ತದೆ. ಹತ್ತು ಹೆಜ್ಜೆ ದೂರದಲ್ಲಿರುವಾಗಲೇ ಪರಿಮಳ ಬರುತ್ತದೆ. ಹೋದ ತಿಂಗಳು ಒಂದು ಬೆಳಗ್ಗೆ ಅದರ ಕೆಳಗೆ ಕಸ ಗುಡಿಸುತ್ತಿದ್ದ ಹೆಂಗಸು, ನಾನು ಮೇಲೆ ನೋಡುತ್ತ ನಿಂತದ್ದನ್ನು ಕಂಡು, ಆಗತಾನೇ ಬಿದ್ದಿದ್ದ ಒಂದು ಹೂವನ್ನು ಎತ್ತಿ ನನ್ನ ಕೈಗೆ ಕೊಟ್ಟರು. “ಬಿದ್ದಿದ್ದು ದೇವರಿಗೆ ಆಗಲ್ಲ ಅಕ್ಕ, ನೋಡೋಕೆ ಇಟ್ಕೊಳ್ಳಿ” ಎಂದರು. ಪಾರಿಜಾತವೊಂದನ್ನು ಬಿಟ್ಟು ನೆಲಕ್ಕೆ ಬಿದ್ದ ಹೂವನ್ನು ಪೂಜೆಗೆ ಬಳಸಬಾರದು ಎಂಬ ನಿಯಮ ನಮ್ಮ ಮನೆಯಲ್ಲಿಯೂ ಇತ್ತು.

ಅಂಗೈಯಲ್ಲಿ ಇಟ್ಟುಕೊಂಡಾಗ ಆ ಹೂವಿಗೆ ಒಂದು ಹಣ್ಣಿನಷ್ಟು ತೂಕವಿತ್ತು. ಆರು ದಪ್ಪ ಎಸಳುಗಳು, ಹೊರಗೆ ಹಳದಿ ಛಾಯೆ, ಒಳಗೆ ಕೆಂಪು. ನಡುವೆ ಬಟ್ಟಲಿನಂಥ ತಳದ ಸುತ್ತ ಗಿಡ್ಡ ಕೇಸರಗಳ ಉಂಗುರ, ಅದರ ಮಧ್ಯದಲ್ಲಿ ಲಿಂಗದಂಥ ಸಣ್ಣ ಗುಬುಟು. ಒಂದು ಬದಿಯಿಂದ ಎದ್ದು ಬಾಗಿದ ಹೆಡೆ, ಹೆಡೆಯ ಒಳಭಾಗದಲ್ಲಿ ನೂರಾರು ಎಳೆಗಳು. ಹೆಡೆಯಲ್ಲಿರುವ ಪರಾಗ ದುಂಬಿಗಳಿಗೆ ಉಣಿಸು ಮಾತ್ರ, ಅದರಿಂದ ಬೀಜ ಕಟ್ಟುವುದಿಲ್ಲ. ಉಂಗುರದಲ್ಲಿರುವ ಪರಾಗವೇ ಫಲಕ್ಕೆ ಕಾರಣವಾಗುವುದು. ಹೆಡೆಯಲ್ಲಿ ಉಣ್ಣಲು ನುಗ್ಗಿದ ದುಂಬಿಯ ಬೆನ್ನಿಗೆ ಕೆಳಗಿನ ಪರಾಗ ತಾನಾಗಿ ಅಂಟಿಕೊಳ್ಳುತ್ತದೆ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಈ ಏರ್ಪಾಡು ರೂಪುಗೊಂಡಾಗ ಅದನ್ನು ನಾಗ ಎಂದೋ ಲಿಂಗ ಎಂದೋ ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮವರು ಒಮ್ಮೆ ನೋಡಿದರು, ಹೆಡೆಯ ಕೆಳಗೆ ಶಿವನನ್ನು ಕಂಡರು, ಶಿವಾಲಯದ ಅಂಗಳದಲ್ಲಿ ನೆಟ್ಟರು. ಅದಕ್ಕೆ ‘ಸೀಮೆ’ ಎಂಬ ಗುರುತನ್ನು ಕೂಡ ಯಾರೂ ಅಂಟಿಸಲಿಲ್ಲ. ನಾನು ಚಿಕ್ಕವಳಿದ್ದಾಗ ಈ ಮರ ಪುರಾಣಕಾಲದಿಂದಲೂ ನಮ್ಮಲ್ಲಿ ಇತ್ತೆಂದೇ ನಂಬಿದ್ದೆ. ಹಾಗಲ್ಲ ಎಂದು ತಿಳಿದ ಮೇಲೂ ನನ್ನ ಭಕ್ತಿಯೇನೂ ಕಡಿಮೆಯಾಗಲಿಲ್ಲ.

ಕೆರೆಯ ಕಡೆಗೆ ಹೋಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಅದೃಷ್ಟವಿದ್ದ ದಿನ ಹೆಜ್ಜಾರ್ಲೆಗಳು ಇಳಿಯುತ್ತವೆ. ಮಿಂಚುಳ್ಳಿ ಒಂದೇ ಕೊಂಬೆಯ ಮೇಲೆ ಅಲುಗದೆ ಕಾದಿರುತ್ತದೆ. ಎಲ್ಲಿಂದ ಬಂದ ಮರ ಎಂಬ ವಿಚಾರ ಹಕ್ಕಿಗಳಿಗೆ ಇಲ್ಲ. ಅಮೆರಿಕದ ಮಳೆಮರದ ಪೊಟರೆಯಾದರೂ ಸರಿ, ನಮ್ಮ ಹೊಂಗೆಯ ಪೊಟರೆಯಾದರೂ ಸರಿ, ಗಿಳಿ ಗೂಡು ಮಾಡುತ್ತದೆ. ಕುಟ್ರುಹಕ್ಕಿಯ ಕೂಗಂತೂ ಬೇಸಿಗೆಯಲ್ಲಿ ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಡುವಿಲ್ಲದೆ ಕೇಳುತ್ತಿರುತ್ತದೆ.

ದಾರಿಯಲ್ಲಿ ಇನ್ನೊಂದು ವಸ್ತುವಿದೆ, ಬಹಳ ಜನ ಗಮನಿಸದೆ ದಾಟಿಹೋಗುವಂಥದ್ದು: ತಮಿಳುನಾಡಿನ ತಿರುವಕ್ಕರೈನಿಂದ ತಂದ, ಸುಮಾರು 2 ಕೋಟಿ ವರ್ಷ ಹಳೆಯದಾದ, ಕಲ್ಲಾಗಿ ಮಾರ್ಪಟ್ಟ ಮರದ ಕಾಂಡ. ಮರದ ಒಂದೊಂದು ಕಣದ ಜಾಗವನ್ನೂ ಖನಿಜ ತುಂಬಿಕೊಂಡು ನಾರಿನ ಗೆರೆ, ಗಂಟು ಎಲ್ಲವೂ ಹಾಗೆಯೇ ಉಳಿದಿವೆ. ದೂರದಿಂದ ಸೌದೆಯಂತೆ ಕಾಣುತ್ತದೆ, ಮುಟ್ಟಿದರೆ ತಣ್ಣಗಿನ ಕಲ್ಲು. ಬಂಡೆಯ ಪಟ್ಟೆಗಳನ್ನು ಬೆಳಗ್ಗೆ ನೋಡಿ ಬಂದವಳಿಗೆ ಇದು ಬಂಡೆಗೂ ಮರಗಳಿಗೂ ನಡುವಿನ ಒಂದು ಕೊಂಡಿಯಂತೆ ಕಾಣುತ್ತದೆ. 2 ಕೋಟಿ ವರ್ಷವೆಂದರೆ ಬಂಡೆಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಮಾತು.

ಹೊರಗೆ ಬರುವುದು ಸಿದ್ದಾಪುರದ ಕಡೆಯಿಂದ. ಅಲ್ಲಿ ಸಾಲಾಗಿರುವ ನರ್ಸರಿಗಳಲ್ಲಿ ಏನಾದರೊಂದು ಸಸಿ ಕೊಳ್ಳುವ ಚಪಲ ನನಗೆ ಇದ್ದೇ ಇದೆ. ಹೋದ ವರ್ಷ ಮಾತ್ರ ಏನನ್ನೂ ಕೊಳ್ಳದೆ ಮನೆಗೆ ಬಂದ ಒಂದು ದಿನ, ತರಕಾರಿ ಬುಟ್ಟಿಯ ತಳದಲ್ಲಿ ಮರೆತುಹೋಗಿದ್ದ ಸೀಮೆ ಬದನೆಕಾಯಿಯೊಂದು ಕಣ್ಣಿಗೆ ಬಿತ್ತು. ಅದರ ತುದಿಯ ಸೀಳಿನಿಂದ ಬೆರಳುದ್ದದ ಎಳೆಯ ಹಸಿರು ಮೊಳಕೆ ಹೊರಬಂದಿತ್ತು, ಅದರ ತುದಿಯಲ್ಲಿ ಆಗಲೇ ಸುರುಳಿಯಾದ ಒಂದು ಕುಡಿ ಇತ್ತು. ಈ ಕಾಯಿಯೊಳಗೆ ಇರುವುದು ಒಂದೇ ಬೀಜ; ಅದು ಮಣ್ಣನ್ನು ಕಾಯದೆ ಕಾಯಿಯೊಳಗೇ ಮೊಳೆಯುತ್ತದೆ, ಆದ್ದರಿಂದ ಬೀಜವನ್ನು ಬೇರ್ಪಡಿಸದೆ ಇಡೀ ಕಾಯಿಯನ್ನೇ ನೆಡುತ್ತಾರೆ. ಬಿಸಾಡುವುದಕ್ಕೆ ಮನಸ್ಸಾಗದೆ ತಾರಸಿಯ ಮೇಲಿದ್ದ ಹಳೆಯ ದೊಡ್ಡ ಕುಂಡದಲ್ಲಿ, ಮೊಳಕೆ ಮೇಲಿರುವಂತೆ, ಅರ್ಧಕ್ಕೆ ಹೂತು ನೀರು ಹಾಕಿದೆ. ಮಳೆಗಾಲದಲ್ಲಿ ಬಳ್ಳಿ ನೀರಿನ ಟ್ಯಾಂಕಿನ ಕಂಬವನ್ನು ಹಿಡಿಯಿತು. ಈಗ ಬಟ್ಟೆ ಒಣಹಾಕುವ ತಂತಿಯ ಪೂರ್ತಿ ಉದ್ದಕ್ಕೂ ಹಬ್ಬಿದೆ. ಪಕ್ಕದ ಮನೆಯ ತಮಿಳು ಅಜ್ಜಿ ದಿನಕ್ಕೊಮ್ಮೆ ತಮ್ಮ ತಾರಸಿಯಿಂದಲೇ ಇಣುಕಿ, ‘ಬೆಂಗಳೂರು ಕತ್ತರಿಕ್ಕಾಯ್’ ಎಷ್ಟು ಬಿಟ್ಟಿದೆ ಎಂದು ಕೇಳುತ್ತಾರೆ. ಇವತ್ತು ಬೆಳಗ್ಗೆ ಎಣಿಸಿದಾಗ ಹನ್ನೊಂದು ಇದ್ದವು.